ಎಂಜಿನ್ ಇಳಿಸಿದ ಮೇಲೆ ಎಲ್ಲಿ ನಿಲ್ಲಿಸುವುದು? ಮನೆಯಲ್ಲೇ ಬಿಚ್ಚುವವರಿಗೆ ಒಂದು ಹೋಲಿಕೆ

ಮೃಗಶಿರಾ ಮಳೆ ಹಿಡಿಯಿತು ಅಂದರೆ ನಮ್ಮ ಕಡೆ ಜೀಪುಗಳಿಗೆ ಅರ್ಧ ರಜೆ. ತೋಟದ ದಾರಿ ಕೆಸರಾಗುತ್ತದೆ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ದಿನ ಬಿಟ್ಟರೆ ಗಾಡಿ ಹೊರಗೆ ತೆಗೆಯುವ ಸಂದರ್ಭವೇ ಕಡಿಮೆ. ಕೊಯ್ಲು ಶುರುವಾಗುವ ಮೊದಲು ಎಂಜಿನ್ ಕೆಲಸ ಮುಗಿಸಿಬಿಡೋಣ ಅನ್ನುವವರು ಬಿಚ್ಚುವುದು ಈ ತಿಂಗಳುಗಳಲ್ಲೇ. ಈ ಸಲ ಮೂವರು ನನ್ನ ಹತ್ತಿರ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳಿದರು.

ಒಬ್ಬರು ಹೊಸನಗರದ ಕಡೆಯವರು. ಅವರದು ಮಹೀಂದ್ರ ಎಂ.ಎಂ. 540 ಜೀಪ್, 2112 ಸಿ.ಸಿ.ಯ ಪ್ಯೂಜೊ ಡೀಸೆಲ್. ಫುಲ್ ಎಂಜಿನ್ ಕೆಲಸ ಆಗಬೇಕು. ಇರುವ ಜಾಗ ಕೊಟ್ಟಿಗೆ ಪಕ್ಕದ ಮಾಡು, ಮಣ್ಣಿನ ನೆಲ. ಇನ್ನೊಬ್ಬರು ಶಿವಮೊಗ್ಗದ ಗೋಪಾಳದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಅಜ್ಜನ ಕಾಲದ ಅಂಬಾಸಿಡರ್, 1489 ಸಿ.ಸಿ. ಪೆಟ್ರೋಲ್ ಎಂಜಿನ್, ಕಾರು ನಿಲ್ಲಿಸುವಲ್ಲಿ ಸಿಮೆಂಟ್ ನೆಲ. ಮೂರನೆಯವರು ತೀರ್ಥಹಳ್ಳಿಯವರು. ಮಾರುತಿ 800, ಕ್ಲಚ್ ಮತ್ತು ಗೇರ್‌ಬಾಕ್ಸ್ ಕೆಲಸ ಮಾತ್ರ. ಮೂವರ ಮಾತೂ ಒಂದೇ: "ಕ್ರೇನ್ ತಗೊಳ್ಳೋದಾ, ಸ್ಟ್ಯಾಂಡ್ ತಗೊಳ್ಳೋದಾ, ಇಲ್ಲಾ ತೊಲೆಗೆ ಚೈನ್ ಬ್ಲಾಕ್ ಕಟ್ಟಿದ್ರೆ ಸಾಕಾ?"

ಈ ಪ್ರಶ್ನೆಯೊಳಗೆ ಎರಡು ಬೇರೆ ಕೆಲಸ ಬೆರೆತುಹೋಗಿವೆ. ಎಂಜಿನ್ ಎತ್ತುವುದು ಒಂದು, ಹಿಡಿದು ನಿಲ್ಲಿಸುವುದು ಇನ್ನೊಂದು. ಗಾಡಿಯಿಂದ ಎಂಜಿನ್ ಹೊರಗೆ ಬಂದು ನೆಲ ಮುಟ್ಟಲು ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ಸವೆದ ಸಿಲಿಂಡರ್ ಕೊರೆಸುವ ಬೋರಿಂಗ್‌ಗೆ ಕೊಟ್ಟು, ಕ್ರ್ಯಾಂಕ್ (ಪಿಸ್ಟನ್ನುಗಳು ತಿರುಗಿಸುವ ದಂಡ) ಗ್ರೈಂಡಿಂಗ್ ಮಾಡಿಸಿ, ಸಾಮಾನು ಬರುವವರೆಗೆ ಕಾದು, ವಾಪಸ್ ಕೂರಿಸುವ ಹೊತ್ತಿಗೆ ನಲವತ್ತು ಐವತ್ತು ದಿನ ಸುಲಭವಾಗಿ ಆಗುತ್ತದೆ. ಆ ಅರ್ಧ ಗಂಟೆಗೇ ಎಲ್ಲ ದುಡ್ಡು ಹಾಕಿ, ಐವತ್ತು ದಿನಕ್ಕೆ ಎರಡು ಜಂಬಿಟ್ಟಿಗೆ ಕಲ್ಲು ಕೊಟ್ಟು ಸುಮ್ಮನಾಗುವುದನ್ನು ಬಹಳ ಕಡೆ ನೋಡಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಎತ್ತುವ ಸಾಧನ ಬಾಡಿಗೆಗೆ ತನ್ನಿ, ನಿಲ್ಲಿಸುವ ಸಾಧನ ಸ್ವಂತ ಮಾಡಿಕೊಳ್ಳಿ. ಯಾಕೆ ಅನ್ನುವುದು ಮುಂದೆ.

ಮೊದಲು ನೋಡಬೇಕಾದದ್ದು

ತೂಕ. ಅಂದಾಜು ಬೇಡ, ತೂಗಿ. ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ತಕ್ಕಡಿ ನಮ್ಮ ಕಡೆ ಯಾರಾದರೊಬ್ಬರ ಮನೆಯಲ್ಲಿ ಇದ್ದೇ ಇರುತ್ತದೆ. ನಮ್ಮ ಜೀಪಿನ ಎಂಜಿನ್ ಅದರ ಮೇಲೆ ಇಳಿಸಿದಾಗ 208 ಕೆ.ಜಿ. ತೋರಿಸಿತು. ಆಗ ಗೇರ್‌ಬಾಕ್ಸ್ ಇರಲಿಲ್ಲ, ಆಯಿಲ್ ಇಳಿಸಿಯಾಗಿತ್ತು. ಡೈನಮೊ, ಸೆಲ್ಫ್ ಮೋಟರ್ ಎರಡೂ ಇದ್ದವು. ಅಂಬಾಸಿಡರಿನದು ಇದಕ್ಕಿಂತ ಹಗುರ. ಆದರೆ ಬ್ಲಾಕ್ (ಎಂಜಿನ್ನಿನ ಮೈ), ಹೆಡ್ (ಅದರ ಮೇಲಿನ ಮುಚ್ಚಳ) ಎರಡೂ ಬೀಡು ಕಬ್ಬಿಣ, ಕೈಯಲ್ಲಿ ಹಿಡಿದು ಎತ್ತುವಂಥದ್ದಲ್ಲ. ಗೇರ್‌ಬಾಕ್ಸ್ ಜೊತೆಗೇ ಇಳಿಸುವುದಾದರೆ ಅದರ ತೂಕ ಬೇರೆ ಸೇರಿಸಿ.

ಎರಡನೆಯದು ಯಾವ ಕೆಲಸ ಅನ್ನುವುದು. ಹೆಡ್ ತೆಗೆದು ವಾಲ್ವ್ ಗ್ರೈಂಡಿಂಗ್ ಮಾಡಿಸುವುದಾದರೆ ಎಂಜಿನ್ ತಿರುಗಿಸಬೇಕಾಗಿಲ್ಲ. ಕ್ರ್ಯಾಂಕ್, ಬೇರಿಂಗ್, ಪಿಸ್ಟನ್ ಎಲ್ಲ ಬಿಚ್ಚುವುದಾದರೆ ತಲೆಕೆಳಗು ಮಾಡಲೇಬೇಕು, ಅದೂ ಒಂದೆರಡು ಸಲ ಅಲ್ಲ.

ಮೂರನೆಯದು ನೆಲ. ಪೇಟೆಯಲ್ಲಿ ಮಾರುವ ಸ್ಟ್ಯಾಂಡು, ಕ್ರೇನು ಎಲ್ಲಾ ಗಟ್ಟಿ ಸಿಮೆಂಟ್ ನೆಲ ಇದೆ ಅಂದುಕೊಂಡೇ ಮಾಡಿದವು. ಸಗಣಿ ಸಾರಿಸಿದ ಮಣ್ಣಿನ ನೆಲದಲ್ಲಿ, ಅದೂ ಪುನರ್ವಸು ಮಳೆ ಸುರಿಯುವಾಗ, ಅವುಗಳ ಸಣ್ಣ ಚಕ್ರ ಹೂತುಹೋಗುತ್ತದೆ. ಇನ್ನು ಶೀತ. ಆಗುಂಬೆ ಸುತ್ತ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ. ಬೋರಿಂಗ್ ಮಾಡಿಸಿ ತಂದ ಸಿಲಿಂಡರಿಗೆ ಎಣ್ಣೆ ಸವರದೆ ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು ಪೊರೆ ಕಟ್ಟಿರುತ್ತದೆ. ನೆಲದ ತೇವ ತಾಗದಷ್ಟು ಎತ್ತರದಲ್ಲಿ ಎಂಜಿನ್ ಇರಬೇಕು ಅನ್ನುವುದೂ ಇಲ್ಲಿ ಒಂದು ಮುಖ್ಯ ಲೆಕ್ಕ.

ದುಡ್ಡು, ಜಾಗ ಇವು ಎಲ್ಲರಿಗೂ ಗೊತ್ತಿರುವವೇ. ಮನೆಯಲ್ಲಿ ಮಕ್ಕಳು, ದನಕರು ಓಡಾಡುವ ಜಾಗವೇ ಅನ್ನುವುದನ್ನೂ ಇವುಗಳ ಜೊತೆ ಸೇರಿಸಿಕೊಳ್ಳಿ.

ಎತ್ತುವುದಕ್ಕೆ: ತೊಲೆ, ಮುಕ್ಕಾಲಿ, ಕ್ರೇನ್

ತೊಲೆಗೆ ಚೈನ್ ಬ್ಲಾಕ್ (ಸರಪಳಿ ಎಳೆದು ಭಾರ ಎತ್ತುವ ರಾಟೆ) ಕಟ್ಟುವುದು ಮಲೆನಾಡಿನ ಹಳೇ ಪದ್ಧತಿ. ಖರ್ಚು ಕಡಿಮೆ. ಒಂದು ಟನ್ನಿನ ಚೈನ್ ಬ್ಲಾಕ್ ಎಂಜಿನ್ನಿಗೆ ಧಾರಾಳ ಸಾಕು, ಒಬ್ಬರೇ ಬೆರಳಗಲ ಲೆಕ್ಕದಲ್ಲಿ ಏರಿಸಿ ಇಳಿಸಬಹುದು. ಅನುಮಾನ ಇರುವುದು ತೊಲೆಯ ಮೇಲೆ.

ನಮ್ಮ ಮನೆಯಲ್ಲಿ ಮೊದಲ ಸಲ ಹೀಗೆ ಕಟ್ಟಿದಾಗ ಆದದ್ದು ಹೇಳುತ್ತೇನೆ. ಅಜ್ಜನ ಕಾಲದ ತೊಲೆ, ನೋಡಲು ಆನೆ ಕಾಲಿನಷ್ಟು ದಪ್ಪ. ಚೈನ್ ಎಳೆದು ಎಂಜಿನ್ ತಾನು ಕೂರುವ ಮೌಂಟಿನಿಂದ ನಾಲ್ಕು ಬೆರಳು ಮೇಲೆ ಬಂದಿತ್ತು. ಆಗ ನನ್ನ ಮುಂಗೈ ಮೇಲೆ ಏನೋ ಉದುರಿದ ಹಾಗಾಯಿತು. ನೋಡಿದರೆ ಹಿಟ್ಟಿನಷ್ಟು ನುಣ್ಣಗಿನ ಹಳದಿ ಪುಡಿ. ಇನ್ನೊಂದು ಹಿಡಿ ಚೈನ್ ಎಳೆದಾಗ ಮತ್ತೆ ಉದುರಿತು. ಬಾಗಿಲಲ್ಲಿ ನಿಂತಿದ್ದ ಅಪ್ಪಯ್ಯ "ಇಳಸಾ, ಮೊದ್ಲು ಇಳಸು" ಅಂದರು. ಇಳಿಸಿ ಏಣಿ ಹತ್ತಿ ಸ್ಕ್ರೂಡ್ರೈವರ್ ಚುಚ್ಚಿದರೆ ಹಿಡಿಯವರೆಗೆ ಒಳಗೆ ಹೋಯಿತು. ಗೋಡೆಗೆ ಸೇರುವ ತುದಿಯಲ್ಲಿ ಕುಟ್ಟೆ ಹಿಡಿದು ಒಳಗೆಲ್ಲ ಟೊಳ್ಳು, ಹೊರಗೆ ಮಾತ್ರ ಎರಡು ಬೆರಳು ಗಟ್ಟಿ. ಹೆಂಚಿನ ಭಾರವನ್ನು ಆ ತೊಲೆ ಮೂವತ್ತು ವರ್ಷದಿಂದ ಹೊತ್ತಿತ್ತು. ಆದರೆ ಹೆಂಚಿನ ಭಾರ ತೊಲೆಯುದ್ದಕ್ಕೂ ಹರಡಿರುತ್ತದೆ. ಎಂಜಿನ್ನಿನದು ಒಂದೇ ಜಾಗದಲ್ಲಿ ಜಗ್ಗುತ್ತದೆ, ಅದೂ ಅಲುಗಾಡುತ್ತಾ.

ಹಾಗಾಗಿ ತೊಲೆ ಬಳಸುವುದಾದರೆ ಎರಡೂ ತುದಿ ಚುಚ್ಚಿ ನೋಡಿ. ಚೈನ್ ಕಟ್ಟುವ ಜಾಗದ ಎರಡೂ ಪಕ್ಕಕ್ಕೆ ನೆಲದಿಂದ ಗಟ್ಟಿ ಕಂಬ ಕೊಟ್ಟು, ಭಾರ ಗೋಡೆಗೆ ಹೋಗದೆ ನೇರ ನೆಲಕ್ಕೆ ಇಳಿಯುವಂತೆ ಮಾಡಿ. ಅಷ್ಟು ಮಾಡಲಾಗದಿದ್ದರೆ ಈ ದಾರಿ ಬಿಡಿ. ಹಲಸಿನ ಕೊಂಬೆಗೆ ಕಟ್ಟುವುದನ್ನು ಈಗಲೂ ಕೆಲವರು ಮಾಡುತ್ತಾರೆ. ಮಳೆಗಾಲದ ಕೊಂಬೆಯನ್ನು ನಾನು ನಂಬುವುದಿಲ್ಲ.

ಕಬ್ಬಿಣದ ಪೈಪಿನ ಮುಕ್ಕಾಲಿ ಮಣ್ಣಿನ ನೆಲಕ್ಕೆ ಒಳ್ಳೆಯದು. ಚಕ್ರ ಇಲ್ಲ, ಹಾಗಾಗಿ ಉರುಳುವ ಭಯವಿಲ್ಲ. ಬೋರ್‌ವೆಲ್ ಪಂಪ್ ಎತ್ತುವವರ ಹತ್ತಿರ ಬಾಡಿಗೆಗೂ ಸಿಗುತ್ತದೆ. ಎರಡು ಷರತ್ತು: ಮೂರೂ ಕಾಲಿನ ಕೆಳಗೆ ಒಂದೊಂದು ದಪ್ಪ ಹಲಗೆ, ಮತ್ತು ಮೂರೂ ಕಾಲನ್ನು ಬುಡದಲ್ಲಿ ಒಂದಕ್ಕೊಂದು ಸರಪಳಿಯಿಂದ ಬಿಗಿದಿರಬೇಕು. ಭಾರ ಬಿದ್ದಾಗ ಕಾಲು ಹೊರಕ್ಕೆ ಜಾರುವುದನ್ನು ತಡೆಯುವುದು ಆ ಸರಪಳಿಯೇ. ಮುಕ್ಕಾಲಿಯಲ್ಲಿ ಎಂಜಿನ್ ಪಕ್ಕಕ್ಕೆ ಸರಿಸಲು ಬರುವುದಿಲ್ಲ. ಎಂಜಿನ್ ನೇತಾಡಿಸಿಕೊಂಡು ಗಾಡಿಯನ್ನೇ ಹಿಂದಕ್ಕೆ ತಳ್ಳಬೇಕು. ಮುಂದಿನ ಗ್ರಿಲ್, ರೇಡಿಯೇಟರ್ ಬಿಚ್ಚಿದರೆ ಜೀಪಿನಲ್ಲಿ ಇದು ಸಲೀಸು.

ಮಡಚುವ ಹೈಡ್ರಾಲಿಕ್ ಕ್ರೇನ್ ಸಿಮೆಂಟ್ ನೆಲವಿದ್ದವರಿಗೆ ಬಹಳ ಅನುಕೂಲ. ಆದರೆ ಸ್ಟ್ಯಾಂಡಿಗಿಂತ ಎಷ್ಟೋ ದುಬಾರಿ, ವರ್ಷದಲ್ಲಿ ಎರಡು ದಿನ ಬಳಸಿ ಉಳಿದ ದಿನ ಮೂಲೆಗೆ. ಅದರ ಮೇಲೆ ಬರೆದ ಒಂದು ಟನ್ ಅನ್ನುವುದು ತೋಳು ಪೂರ್ತಿ ಒಳಗಿದ್ದಾಗಿನ ಮಾತು. ತೋಳು ಹೊರಗೆ ಎಳೆದ ಹಾಗೆಲ್ಲ ತಾಕತ್ತು ಇಳಿಯುತ್ತದೆ, ಪೂರ್ತಿ ಎಳೆದರೆ ಕಾಲು ಟನ್ನಿಗೆ ಬಂದು ನಿಲ್ಲುವುದೇ ಸಾಮಾನ್ಯ. ತೋಳಿನ ಪ್ರತಿ ತೂತಿನ ಪಕ್ಕ ಅಂಕಿ ಬರೆದಿರುತ್ತಾರೆ, ಓದಿಕೊಳ್ಳಿ. ಜೀಪಿನ ಎಂಜಿನ್, ಗೇರ್‌ಬಾಕ್ಸ್ ಒಟ್ಟಿಗೆ ಎತ್ತುವಾಗ ತೋಳು ಪೂರ್ತಿ ಹೊರಗಿದ್ದರೆ ಆ ಕಾಲು ಟನ್ ದಾಟಿಹೋಗಬಹುದು. ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಪರಿಚಯದ ಗ್ಯಾರೇಜಿನವರನ್ನು ಕೇಳಿ. ಕ್ರೇನಿನ ಜೊತೆ ಒಬ್ಬ ಹುಡುಗನನ್ನೂ ಕಳಿಸಿಕೊಟ್ಟರೆ ಇನ್ನೂ ಒಳ್ಳೆಯದು.

ಯಾವುದರಲ್ಲೇ ಎತ್ತಿ, ಸರಪಳಿಯನ್ನು ಎಂಜಿನ್ನಿನಲ್ಲೇ ಇರುವ ಕೊಂಡಿಗೆ ಹಾಕಿ. ಮ್ಯಾನಿಫೋಲ್ಡಿಗೆ, ಕಾರ್ಬುರೇಟರ್ ಸ್ಟಡ್ಡಿಗೆ ಹಾಕಬೇಡಿ. ದನ ಕಟ್ಟುವ ಹಗ್ಗ ಬೇಡವೇ ಬೇಡ. ಸರಪಳಿಯ ಎರಡೂ ಎಳೆ ನೆಲದ ಮಟ್ಟಕ್ಕೆ 60 ಡಿಗ್ರಿಯಷ್ಟು ಕಡಿದಾಗಿರಲಿ. 200 ಕೆ.ಜಿ. ಎಂಜಿನ್ನಿಗೆ ಆಗ ಒಂದೊಂದು ಎಳೆಯ ಮೇಲೆ ಬೀಳುವುದು ಸುಮಾರು 115 ಕೆ.ಜಿ. ಸರಪಳಿ ಗಿಡ್ಡವಾಗಿ 30 ಡಿಗ್ರಿಗೆ ಮಲಗಿದರೆ ಅದೇ ಎಂಜಿನ್ ಒಂದೊಂದು ಎಳೆಯನ್ನೂ 200 ಕೆ.ಜಿ.ಯಲ್ಲಿ ಎಳೆಯುತ್ತದೆ.

ಚೈನ್ ಬ್ಲಾಕಿನಲ್ಲಿ ನೇತಾಡಿಸಿಕೊಂಡೇ ಚೇಂಬರ್ (ಎಂಜಿನ್ನಿನ ಅಡಿಯ ಆಯಿಲ್ ತೊಟ್ಟಿ) ಬಿಚ್ಚುವುದು, ಊಟಕ್ಕೆ ಎದ್ದುಹೋಗುವುದು ಬೇಡ. ಜಾಕಿನದೂ ಅಷ್ಟೇ. ಜಾಕಿನ ಸೀಲು ಸವೆದಿದ್ದರೆ ಎಣ್ಣೆ ಒಳಗೊಳಗೇ ಸೋರಿ ಅದು ಸದ್ದಿಲ್ಲದೆ ಇಳಿಯುತ್ತದೆ. ಎತ್ತಿದ ಭಾರದ ಕೆಳಗೆ ಕೈ, ಕಾಲು, ತಲೆ ಯಾವುದೂ ಹೋಗಬಾರದು.

ನಿಲ್ಲಿಸುವುದಕ್ಕೆ: ಟೈರ್, ಮರದ ತೊಟ್ಟಿಲು, ಸ್ಟ್ಯಾಂಡ್

ಹಳೇ ಲಾರಿ ಟೈರಿನ ಮೇಲೆ ಎಂಜಿನ್ ಕೂರಿಸುವುದು ಒಂದು ದಿನದ ಮಟ್ಟಿಗೆ ಪರವಾಗಿಲ್ಲ. ಡೈನಮೊ, ಮ್ಯಾನಿಫೋಲ್ಡ್ ಬಿಚ್ಚಬಹುದು. ಗಟ್ಟಿ ಬೋಲ್ಟಿಗೆ ಪೈಪ್ ಹಾಕಿ ಎಳೆದಾಗ ಮಾತ್ರ ಎಂಜಿನ್ ವಾಲುತ್ತದೆ. ಚೇಂಬರಿನ ತಗಡು ಒಳಕ್ಕೆ ಬಗ್ಗಿದರೆ ಆಯಿಲ್ ಎಳೆಯುವ ಸ್ಟ್ರೈನರಿಗೆ ತಾಗಿ ಮುಂದೆ ಆಯಿಲ್ ಪ್ರೆಷರ್ ಕೈಕೊಡುತ್ತದೆ. ಐವತ್ತು ದಿನಕ್ಕೆ ಟೈರ್ ಆಗುವುದಿಲ್ಲ. ಜಂಬಿಟ್ಟಿಗೆ, ಹಾಲೋ ಬ್ಲಾಕ್ ಒಂದು ನಿಮಿಷಕ್ಕೂ ಬೇಡ. ಮರ ಒಡೆಯುವ ಮೊದಲು ಬಿರಿದು ಸದ್ದು ಮಾಡುತ್ತದೆ, ಇವು ಒಮ್ಮೆಲೇ ಪುಡಿಯಾಗುತ್ತವೆ.

ಮರದ ತೊಟ್ಟಿಲನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಹೆಡ್ಡಿನ ಕೆಲಸಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ನಾಲ್ಕು ಇಂಚು ದಪ್ಪದ ಮತ್ತಿ ಅಥವಾ ಹಲಸಿನ ತುಂಡಿನಲ್ಲಿ ಚೌಕ ಮಾಡಿ, ಎಂಜಿನ್ನಿನ ಎರಡು ಪಕ್ಕದ ಮೌಂಟ್ ಕೂರುವ ಹಾಗೆ ಎರಡು ಕಂಬ, ಹಿಂದೆ ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್ ಮುಖಕ್ಕೆ ಒಂದು ಆಧಾರ ಕೊಡಬೇಕು. ಚೇಂಬರ್ ಎಲ್ಲಿಗೂ ತಾಗದೆ ತೇಲುತ್ತಿರಬೇಕು. ಭಾರವೆಲ್ಲ ನೇರ ಕೆಳಕ್ಕೆ ಇಳಿಯುವುದರಿಂದ ಮಣ್ಣಿನ ನೆಲದಲ್ಲೂ ಅಲ್ಲಾಡದೆ ಕೂರುತ್ತದೆ, ನೆಲದಿಂದ ಒಂದು ಗೇಣು ಮೇಲೆ ಇರುವುದರಿಂದ ಶೀತವೂ ಅಷ್ಟಾಗಿ ಬಡಿಯುವುದಿಲ್ಲ. ಮರ ಮನೆಯಲ್ಲಿದ್ದರೆ ಆಚಾರಿಯ ಅರ್ಧ ದಿನದ ಕೂಲಿ, ನಾಲ್ಕು ಬೋಲ್ಟು, ಅಷ್ಟೇ ಖರ್ಚು. ಕೊರತೆ ಒಂದೇ, ಎಂಜಿನ್ ತಿರುಗುವುದಿಲ್ಲ. ಕ್ರ್ಯಾಂಕ್ ತೆಗೆಯಲು ಮತ್ತೆ ಎತ್ತಿ, ಮಗುಚಿ, ಬೇರೆ ತರ ಕೂರಿಸಬೇಕು. ಮೇಲಿನಿಂದ ಹೆಡ್, ಮ್ಯಾನಿಫೋಲ್ಡ್, ಡೈನಮೊ ಎಲ್ಲ ಬಿಚ್ಚಿ ಹಗುರ ಮಾಡಿದ ಮೇಲೆ ಚೈನ್ ಬ್ಲಾಕಿನ ಸಹಾಯದಿಂದ ಇಬ್ಬರು ಮಗುಚಬಹುದು. ಆದರೆ ಬೆರಳು ಜಜ್ಜುವುದು ಹೆಚ್ಚಾಗಿ ಆ ಮಗುಚುವ ಹೊತ್ತಿನಲ್ಲೇ.

ತಿರುಗುವ ಸ್ಟ್ಯಾಂಡ್ ವಿಷಯಕ್ಕೆ ಬರೋಣ. ಗೇರ್‌ಬಾಕ್ಸ್ ಕೂರುವ ಹಿಂಬದಿ ಮುಖಕ್ಕೆ ನಾಲ್ಕು ಬೋಲ್ಟ್ ಹಾಕಿ ಎಂಜಿನ್ನನ್ನು ಗಾಳಿಯಲ್ಲಿ ಚಾಚಿ ಹಿಡಿಯುವ ಸಾಧನ ಇದು. ಪಿನ್ ತೆಗೆದು ತಿರುಗಿಸಿದರೆ ಚೇಂಬರ್ ಮೇಲೆ, ಹೆಡ್ ಕೆಳಗೆ. ಫುಲ್ ಕೆಲಸಕ್ಕೆ ಇದರಷ್ಟು ಸುಖ ಬೇರೆ ಇಲ್ಲ. ಬೆನ್ನು ಬಗ್ಗುವುದಿಲ್ಲ, ಬೇರಿಂಗ್ ಕ್ಯಾಪ್ ಟಾರ್ಕ್ ಮಾಡುವಾಗ (ಬೋಲ್ಟನ್ನು ಅಳತೆಯಷ್ಟೇ ಬಿಗಿಯುವಾಗ) ಎಲ್ಲ ಕಣ್ಣೆದುರಿಗೇ ಇರುತ್ತದೆ.

ಚಾಚಿ ಹಿಡಿಯುವುದರಿಂದಲೇ ಇಲ್ಲಿ ಒಂದು ಲೆಕ್ಕ ಬರುತ್ತದೆ. 200 ಕೆ.ಜಿ. ಎಂಜಿನ್ನಿನ ಭಾರದ ನಡು ಪ್ಲೇಟಿನಿಂದ 30 ಸೆಂ.ಮೀ. ಮುಂದಿದೆ, ಮೇಲಿನ ಕೆಳಗಿನ ಬೋಲ್ಟುಗಳ ನಡುವೆ 25 ಸೆಂ.ಮೀ. ಅಂತರವಿದೆ ಅಂದುಕೊಳ್ಳಿ. ಮೇಲಿನ ಎರಡು ಬೋಲ್ಟನ್ನು ಎಂಜಿನ್ ಒಟ್ಟು 240 ಕೆ.ಜಿ.ಯಲ್ಲಿ ಹೊರಕ್ಕೆ ಕೀಳುತ್ತಿರುತ್ತದೆ. ಇದು ಸುಮ್ಮನೆ ನಿಂತಾಗಿನ ಮಾತು, ಚಕ್ರ ಬಿರುಕಿಗೆ ಬಡಿದು ಜರ್ಕ್ ಹೊಡೆದರೆ ಇದರ ಎಷ್ಟೋ ಪಟ್ಟು. 10 ಮಿ.ಮೀ.ನ ಒಳ್ಳೆಯ ಎಚ್.ಟಿ. (ಹೈ ಟೆನ್ಸೈಲ್, ಗಟ್ಟಿ ಉಕ್ಕಿನ) ಬೋಲ್ಟಿಗೆ ಇದೇನೂ ಭಾರವಲ್ಲ, ತಲೆಯ ಮೇಲೆ 8.8 ಅಂತ ಒತ್ತಿರುವುದನ್ನೇ ತನ್ನಿ. ಕೈಕೊಡುವುದು ಥ್ರೆಡ್. ಬೋಲ್ಟ್ ಗಿಡ್ಡವಾಗಿ ನಾಲ್ಕೇ ಸುತ್ತು ಹಿಡಿದಿದ್ದರೆ ಥ್ರೆಡ್ ಸಮೇತ ಕಿತ್ತುಬರುತ್ತದೆ. ಬೀಡಿನ ಬ್ಲಾಕಿಗೆ ಕಡಿಮೆಯೆಂದರೂ ಬೋಲ್ಟಿನ ದಪ್ಪದಷ್ಟು ಆಳ, ಅಲ್ಯೂಮಿನಿಯಂ ಬ್ಲಾಕಿಗೆ ಅದರ ಒಂದೂವರೆ ಎರಡರಷ್ಟು ಆಳ ಒಳಗೆ ಹೋಗಿರಬೇಕು. ತೂತಿನ ಆಳ ಕಡ್ಡಿ ಹಾಕಿ ಅಳೆದು, ಸ್ಟ್ಯಾಂಡಿನ ತೋಳಿನ ದಪ್ಪ, ಮಧ್ಯದ ಬುಷ್ ಎಲ್ಲ ಕೂಡಿಸಿ ಬೋಲ್ಟಿನ ಉದ್ದ ತೀರ್ಮಾನಿಸಿ. ಅಂಬಾಸಿಡರಿನವರು ಇನ್ನೊಂದು ನೋಡಬೇಕು. ಅದರದು ಇಂಚಿನ ಥ್ರೆಡ್. ಗೇರ್‌ಬಾಕ್ಸಿನಿಂದ ಬಿಚ್ಚಿದ ಬೋಲ್ಟನ್ನೇ ಅಂಗಡಿಗೆ ಒಯ್ದು ಜೋಡಿ ನೋಡಿ ತನ್ನಿ. ಮಿಲಿಮೀಟರ್ ಬೋಲ್ಟ್ ಎರಡು ಸುತ್ತು ಹೋಯಿತು ಅಂತ ಒತ್ತಾಯದಿಂದ ತಿರುಗಿಸಿದರೆ ಬ್ಲಾಕೇ ಹಾಳು.

ಕೊಳ್ಳುವುದಾದರೆ ನಾಲ್ಕು ಚಕ್ರದ್ದನ್ನೇ ಕೊಳ್ಳಿ. ಮುಂದೆ ಒಂದೇ ಚಕ್ರ ಇರುವ ಮೂರು ಕಾಲಿನದು ಅಗ್ಗ, ಆದರೆ ತಿರುಗಿಸುವಾಗ ಪಕ್ಕಕ್ಕೆ ವಾಲುತ್ತದೆ. ಮುಂದಿನ ಕಾಲುಗಳು ಎಂಜಿನ್ನಿನ ಮುಂಭಾಗ ದಾಟುವಷ್ಟು ಉದ್ದ ಇರಲಿ. ಬರೆದ ತಾಕತ್ತು ನಿಮ್ಮ ಎಂಜಿನ್ನಿನ ಎರಡರಷ್ಟಾದರೂ ಬೇಕು. ಜೀಪಿಗೆ 450 ಕೆ.ಜಿ.ಯದು, ಅದಕ್ಕಿಂತ ಕಡಿಮೆಯದಕ್ಕೆ ನಾನು ಒಪ್ಪುವುದಿಲ್ಲ.

ಈ ಸ್ಟ್ಯಾಂಡಿಗೆ ಹಾಕಲು ಫ್ಲೈವೀಲ್, ಕ್ಲಚ್ ಮೊದಲೇ ಬಿಚ್ಚಬೇಕು. ಹಿಂದಿನ ಆಯಿಲ್ ಸೀಲ್ ಕೆಲಸಕ್ಕೂ ಪ್ಲೇಟ್ ಅಡ್ಡ ಬರುತ್ತದೆ. ಅದಕ್ಕೆ ಇನ್ನೊಂದು ಬಗೆ ಇದೆ: ಪಕ್ಕದ ಮೌಂಟಿಗೆ ಹಿಡಿಯುವ ಸ್ಟ್ಯಾಂಡ್. ಇದನ್ನು ವೆಲ್ಡಿಂಗ್ ಶಾಪಿನಲ್ಲೇ ಮಾಡಿಸಬೇಕು. ಸಿ ಆಕಾರದ ಕಬ್ಬಿಣದ ಚಾನೆಲ್ ಬಳಸಿ, ಚಕ್ರವಿಲ್ಲದೆ, ಅಗಲ ಕಾಲಿಟ್ಟು, ಕಾಲುಗಳನ್ನು ಎರಡು ಉದ್ದ ಹಲಗೆಗೆ ಬೋಲ್ಟ್ ಮಾಡಿದರೆ ಮಣ್ಣಿನ ನೆಲಕ್ಕೆ ಹೇಳಿ ಮಾಡಿಸಿದ್ದು. ವೆಲ್ಡರ್ ಕೈ ಒಳ್ಳೆಯದಿರಬೇಕು. ಮಾಡಿಸಿದ ಮೇಲೆ ಎಂಜಿನ್ ಹಾಕುವ ಮೊದಲು ಮೂರು ಮೂಟೆ ಸಿಮೆಂಟ್, ಅಂದರೆ 150 ಕೆ.ಜಿ., ಅದರ ತೋಳಿನಲ್ಲಿ ಒಂದು ರಾತ್ರಿ ತೂಗಿಸಿ ಬೆಳಿಗ್ಗೆ ಜಾಯಿಂಟು ನೋಡಿ. ಜೀಪಿನ ಎಂಜಿನ್ನಿಗಾದರೆ ಐದು ಮೂಟೆ.

ಮೂವರಿಗೆ ಏನು ಹೇಳಿದೆ

ತೀರ್ಥಹಳ್ಳಿಯವರಿಗೆ ಎಂಜಿನ್ ಇಳಿಸುವುದೇ ಬೇಡ ಅಂದೆ. ಬಾನೆಟ್ಟಿನ ಎರಡು ಪಕ್ಕದ ಗಟ್ಟಿ ಅಂಚಿನ ಮೇಲೆ ಅಡ್ಡ ಕೂರುವ ಸಪೋರ್ಟ್ ಬಾರ್ ಇದೆ. ಅದರ ಕೊಕ್ಕೆಯಲ್ಲಿ ಎಂಜಿನ್ ಹಿಡಿದುಕೊಂಡರೆ ಗೇರ್‌ಬಾಕ್ಸ್ ಕೆಳಗಿನಿಂದ ಇಳಿಸಬಹುದು. ಮರದ ತುಂಡಿಟ್ಟು ಜಾಕ್ ಕೊಡುವುದಕ್ಕಿಂತ ನೂರು ಪಾಲು ಮೇಲು. ಕಾರು ಮಾತ್ರ ಜಾಕಿನ ಮೇಲಲ್ಲ, ಸರಿಯಾದ ಆಕ್ಸಲ್ ಸ್ಟ್ಯಾಂಡಿನ ಮೇಲಿರಬೇಕು.

ಗೋಪಾಳದವರಿಗೆ ಹೇಳಿದ್ದು ಇದು: ಕ್ರೇನ್ ಬಾಡಿಗೆಗೆ ತನ್ನಿ, ಇಳಿಸುವ ದಿನ ಒಮ್ಮೆ, ಏರಿಸುವ ದಿನ ಒಮ್ಮೆ. ನಾಲ್ಕು ಚಕ್ರದ ಸ್ಟ್ಯಾಂಡ್ ಕೊಂಡುಬಿಡಿ. ಬಾಡಿಗೆ ಮನೆ ಬದಲಾಯಿಸುವಾಗ ಬಿಚ್ಚಿ ಒಯ್ಯಬಹುದು, ಕೆಲಸ ಮುಗಿದ ಮೇಲೆ ಮಾರಿದರೂ ಗಿರಾಕಿ ಸಿಗುತ್ತಾರೆ. ಚಕ್ರಕ್ಕೆ ಎರಡೂ ಕಡೆ ಮರದ ಬೆಣೆ ಕೊಡಿ, ರಾತ್ರಿ ಎಂಜಿನ್ನಿನ ಮುಂಭಾಗದ ಕೆಳಗೆ ಒಂದು ಕಂಬ ನಿಲ್ಲಿಸಿ. ಮುಚ್ಚಲು ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ. ಬೋರಿಗೆ ಎಣ್ಣೆ ಸವರಿ ಹಳೇ ಹತ್ತಿ ದುಪ್ಪಟಿ ಹೊದಿಸಿ.

ಹೊಸನಗರದವರ ಜೊತೆ ಮಾತು ಉದ್ದವಾಯಿತು. ಅವರಿಗೆ ತೊಲೆಯ ಆಸೆ ಬಲವಾಗಿತ್ತು. ಚುಚ್ಚಿ ನೋಡಿ ಅಂದೆ. ಮರುದಿನ ಫೋನ್ ಮಾಡಿ ಒಂದು ತುದಿ ಗಟ್ಟಿ, ಇನ್ನೊಂದು ಗೆದ್ದಲು ತಿಂದಿದೆ ಅಂದರು. ಕೊನೆಗೆ ಮುಕ್ಕಾಲಿ ಬಾಡಿಗೆಗೆ, ಪಕ್ಕಕ್ಕೆ ಹಿಡಿಯುವ ಸ್ಟ್ಯಾಂಡ್ ಊರಿನ ವೆಲ್ಡರ್ ಹತ್ತಿರ ಅಂತ ತೀರ್ಮಾನವಾಯಿತು. ದುಡ್ಡು ಸಾಲದೆ ಹೋದರೆ ಮರದ ತೊಟ್ಟಿಲು ಮಾಡಿಕೊಳ್ಳಿ, ಮೇಲಿನದೆಲ್ಲ ಮನೆಯಲ್ಲೇ ಬಿಚ್ಚಿ ಬ್ಲಾಕನ್ನು ಕ್ರ್ಯಾಂಕ್ ಸಮೇತ ಪಿಕಪ್ಪಿನಲ್ಲಿ ಶಿವಮೊಗ್ಗಕ್ಕೆ ಕಳಿಸಿ ಅಂತಲೂ ಹೇಳಿದ್ದೇನೆ. ಬೋರಿಂಗ್‌ಗೆ ಹೇಗೂ ಹೋಗಲೇಬೇಕಲ್ಲ, ಕ್ರ್ಯಾಂಕ್ ಅಲ್ಲೇ ಬಿಚ್ಚಿಸಿದರೆ ಮಗುಚುವ ಅಪಾಯ ಮನೆಯಲ್ಲಿ ಇರುವುದೇ ಇಲ್ಲ.

ಹಿಂಬದಿ ಹಿಡಿಯುವ ಸ್ಟ್ಯಾಂಡ್ ಆರಿಸಿದವರು ವಾಪಸ್ ಕೂರಿಸುವ ದಿನದ ಕ್ರಮ ಈಗಲೇ ಬರೆದಿಟ್ಟುಕೊಳ್ಳಿ. ಎಂಜಿನ್ ಕ್ರೇನಿಗೆ ಸಿಕ್ಕಿಸಿ ಸರಪಳಿ ಬಿಗಿಯಾದ ಮೇಲೆಯೇ ಸ್ಟ್ಯಾಂಡಿನ ನಾಲ್ಕು ಬೋಲ್ಟ್ ಬಿಚ್ಚಬೇಕು. ಆಮೇಲೆ ಎಂಜಿನ್ನನ್ನು ಟೈರಿನ ಮೇಲೆ ಮೆಲ್ಲಗೆ ಇಳಿಸಿ, ಸರಪಳಿ ಬಿಗಿಯಾಗಿರುವಾಗಲೇ ಹಿಂದಿನ ಸೀಲ್, ಫ್ಲೈವೀಲ್, ಕ್ಲಚ್ ಪ್ಲೇಟ್ ಹಾಕಬೇಕು. ಫ್ಲೈವೀಲ್ ಬೋಲ್ಟ್ ಟಾರ್ಕ್ ಮಾಡುವಾಗ ಎಂಜಿನ್ ತಿರುಗದಂತೆ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು, ಆ ದಿನ ಒಬ್ಬರೇ ಕೆಲಸಕ್ಕೆ ಇಳಿಯಬೇಡಿ.